‘ಸೋಮಾರಿ’ ಎಂದು ಬರೆದ ಕೈ

ಮೂವತ್ತನಾಲ್ಕು ವರ್ಷಗಳ ಮೇಷ್ಟರಗಿರಿಯಲ್ಲಿ ಪ್ರಗತಿಪತ್ರಗಳ ಮೇಲೆ ನಾನು ಗೀಚಿದ ಷರಾಗಳೆಲ್ಲ ಈಗ ನೆನಪಿಲ್ಲ. ಒಂದು ಮಾತ್ರ ಮರೆಯುವುದಿಲ್ಲ: ‘ಸೋಮಾರಿ. ಪಾಠದ ಕಡೆ ಗಮನವಿಲ್ಲ.’ ೧೯೮೭ರಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಬಗ್ಗೆ ಬರೆದದ್ದು.

ವಯಸ್ಸಿಗೆ ತಕ್ಕ ಎತ್ತರವಿಲ್ಲ, ಊದಿದಂತಿದ್ದ ಮುಖ, ಗೊಗ್ಗರು ದನಿ. ಪ್ರಶ್ನೆ ಕೇಳಿದರೆ ಅವಳ ಉತ್ತರ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತಿತ್ತು. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು’ ಎನ್ನುತ್ತಿದ್ದೆ. ತರಗತಿ ನಗುತ್ತಿತ್ತು. ಅವಳೂ ನಗುತ್ತಿದ್ದಳು.

ಮರುವರ್ಷ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಅವಳ ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲವೆಂದರು. ಥೈರಾಕ್ಸಿನ್ ಮಾತ್ರೆ ಶುರುವಾಯಿತು. ಹುಡುಗಿ ಎತ್ತರವಾದಳು, ಜೊತೆಗೆ ಕೂತಲ್ಲಿ ಕೂರದಾದಳು. ಆಗ ನಮ್ಮ ಹೊಸ ದೂರು: ‘ತುಂಟಿ’. ಬಹುಕಾಲ ಹಾರ್ಮೋನಿನ ಕೊರತೆಯಲ್ಲಿ ಬಳಲಿದ ಮಗುವಿಗೆ ಚಿಕಿತ್ಸೆ ಆರಂಭವಾದಾಗ ಕೆಲಕಾಲ ಇಂಥ ಚಡಪಡಿಕೆ ಉಂಟಾಗಬಹುದು. ಅದನ್ನು ತಿಳಿದುಕೊಳ್ಳುವ ಗೋಜಿಗೆ ನಾವು ಹೋಗಲಿಲ್ಲ. ಸುಮ್ಮನೆ ಕೂತರೂ ಬೈಗುಳ, ಕೂರದಿದ್ದರೂ ಬೈಗುಳ!

ಗ್ರಂಥಿಯ ಕೊರತೆಯನ್ನು ಗುಣದ ಕೊರತೆಯೆಂದು ಓದುವ ಈ ಚಾಳಿಯನ್ನೇ ನಾನು ಖಂಡಿಸುತ್ತಿದ್ದೇನೆ. ‘ಅದು ಆ ಕಾಲ, ಈಗ ಎಲ್ಲ ಬದಲಾಗಿದೆ’ ಎನ್ನುವವರಿದ್ದಾರೆ. ಏನು ಬದಲಾಗಿದೆ? ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನವಜಾತ ಶಿಶುಗಳ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಈ ದೋಷ ಪತ್ತೆಹಚ್ಚುವ ಕಾರ್ಯ ಆರಂಭವಾದದ್ದು ೧೯೭೪ರಲ್ಲಿ. ನಮ್ಮಲ್ಲಿ ಸುಮಾರು ಸಾವಿರ ಶಿಶುಗಳಿಗೊಂದರಂತೆ ಈ ದೋಷವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಹೇಳಿದೆ. ಆದರೂ ಈ ದೇಶದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಆ ಪರೀಕ್ಷೆ ಇನ್ನೂ ದೊರೆಯುತ್ತಿಲ್ಲ. ಪೋಲಿಯೊ ಹನಿಯನ್ನು ಮನೆಮನೆಗೆ ಮುಟ್ಟಿಸಿದ ನಮಗೆ ಇದೊಂದು ಅಸಾಧ್ಯವೇ?

‘ಮಗು ಲಕ್ಷಣವಾಗಿದೆ, ಚುಚ್ಚುವುದೇಕೆ?’ ಎಂದು ಹಿರಿಯರು ಕೇಳುತ್ತಾರೆ. ಲಕ್ಷಣವಾಗಿ ಕಾಣುವುದೇ ಅಪಾಯ. ಗರ್ಭದಲ್ಲಿ ತಾಯಿಯ ಹಾರ್ಮೋನು ಒಂದಷ್ಟು ಕಾಪಾಡಿರುವುದರಿಂದ ಹೆಚ್ಚಿನ ಶಿಶುಗಳಲ್ಲಿ ಮೊದಲಿಗೆ ಏನೂ ತೋರುವುದಿಲ್ಲ. ಅಳದೆ ನಿದ್ದೆಹೋಗುವ ಕೂಸನ್ನು ‘ಎಷ್ಟು ಸಾಧು’ ಎಂದು ಮೆಚ್ಚುತ್ತೇವೆ. ಅಷ್ಟರಲ್ಲಿ ಮಿದುಳಿನ ಬೆಳವಣಿಗೆಯ ಅಮೂಲ್ಯ ದಿನಗಳು ಕಳೆದಿರುತ್ತವೆ. ಹುಟ್ಟಿದ ಎರಡು ವಾರದೊಳಗೆ ಮಾತ್ರೆ ಆರಂಭಿಸಿದರೆ ಬಹುಪಾಲು ಮಕ್ಕಳು ಓರಗೆಯವರಂತೆಯೇ ಬೆಳೆಯುತ್ತಾರೆ.

ಹಾಗೆ ಬೆಳೆದವರಲ್ಲಿಯೂ ಕೆಲವರಿಗೆ ಗಮನ, ನೆನಪು, ಲೆಕ್ಕಗಳಲ್ಲಿ ತೊಡಕು ಉಳಿಯಬಹುದು. ಔಷಧದ ಪ್ರಮಾಣ ಹೆಚ್ಚಾದರೆ ಚಡಪಡಿಕೆ, ಕಡಿಮೆಯಾದರೆ ಜಡತೆ. ಆದ್ದರಿಂದ ಇಂಥ ಮಗುವಿನ ನಡವಳಿಕೆ ಬದಲಾದರೆ ಬೆತ್ತ ಹುಡುಕಬೇಡಿ, ರಕ್ತಪರೀಕ್ಷೆ ಮಾಡಿಸಿ. ತಂದೆತಾಯಿಯರಿಗೂ ಒಂದು ಮಾತು: ‘ಹೆಣ್ಣುಮಗು, ನಾಳೆ ಮದುವೆಯಾಗಬೇಕು’ ಎಂದು ಮಾತ್ರೆಯನ್ನು ಬಚ್ಚಿಡಬೇಡಿ. ಕದ್ದು ನುಂಗುವ ಮಾತ್ರೆ ದೇಹವನ್ನು ಸಲಹಿದರೂ ಮನಸ್ಸಿನಲ್ಲಿ ‘ನಾನು ಊನ’ ಎಂಬ ನಾಚಿಕೆಯನ್ನು ಬಿತ್ತುತ್ತದೆ.

ನನ್ನ ಆ ವಿದ್ಯಾರ್ಥಿನಿ ಈಗ ಹೊಲಿಗೆ ಅಂಗಡಿ ನಡೆಸುತ್ತಾಳೆ. ಬೆಳಗಾಗೆದ್ದು ರಾತ್ರಿಯವರೆಗೆ ದುಡಿಯುವವಳು. ಕೆಲವು ವರ್ಷಗಳ ಹಿಂದೆ ಅವಳ ಕ್ಷಮೆ ಕೇಳಲು ಹೋದೆ. ಚಹಾ ತರಿಸಿಕೊಟ್ಟು, ‘ಹೋಗ್ಲಿ ಬಿಡಿ ಮೇಷ್ಟ್ರೇ’ ಎಂದಳು. ಎದ್ದು ಹೊರಡುವಾಗ ಮೆಲ್ಲಗೆ ಹೇಳಿದಳು: ‘ಈಗಲೂ ಒಂದು ದಿನ ಸುಮ್ಮನೆ ಕೂತರೆ, ನೀವು ಹೇಳಿದ್ದೇ ನಿಜ ಇರಬಹುದು ಅನಿಸುತ್ತೆ.’

ಆ ಮಾತಿಗೆ ಮಾತ್ರೆಯಿಲ್ಲ. ಇಂದು ತರಗತಿಯಲ್ಲಿ ನಿಂತಿರುವ ಮೇಷ್ಟರುಗಳೇ, ಟೀಚರಮ್ಮಗಳೇ, ಷರಾ ಬರೆಯುವ ಮುನ್ನ ದಯವಿಟ್ಟು ಒಮ್ಮೆ ಮಗುವಿನ ಮುಖ ನೋಡಿ.