ಚಾರ್ಜು ಕೊಡುವುದೆಂದರೆ ಬೀಗದ ಕೈ ಕೊಡುವುದಲ್ಲ

ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಇಳಿದು ಇನ್ನೊಬ್ಬ ಹತ್ತುವಾಗ ಏನು ನಡೆಯುತ್ತದೆ ಎಂಬುದು ದಿನಾ ಓಡಾಡುವವರಿಗೆ ಗೊತ್ತು. ಮೊದಲು ಹಣದ ಲೆಕ್ಕ. ಆಮೇಲೆ ಯಾರು ಎಲ್ಲಿ ಇಳಿಯಬೇಕು, ಯಾವ ಅಜ್ಜನಿಗೆ ಎಷ್ಟು ಚಿಲ್ಲರೆ ಬಾಕಿ ಎಂಬ ವಿವರ. ಇದಿಷ್ಟನ್ನು ಹೇಳದೆ ಇಳಿದು ಹೋದರೆ ಸುಂಟಿಕೊಪ್ಪ ತಲುಪುವ ಮುಂಚೆಯೇ ಜಗಳ ಗ್ಯಾರಂಟಿ.

ಒಂದು ಬಸ್ಸಿಗೇ ಇಷ್ಟು ಶಿಸ್ತು ಬೇಕಾದರೆ, ಒಂದು ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಗೆ ಎಷ್ಟು ಬೇಕು? ಅದರಲ್ಲೂ ಸಂಸ್ಥೆಯ ಯಜಮಾನಿಕೆ ಬದಲಾಗುವ ಹೊತ್ತಿನಲ್ಲೇ ಅದರ ಮುಖ್ಯಸ್ಥರು ನಿವೃತ್ತಿಯ ಹೊಸ್ತಿಲಲ್ಲಿ ನಿಂತಿದ್ದರೆ?

ಕೊಡಗಿಗೆ ಈ ಪ್ರಶ್ನೆ ಹೊಸದಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಲ್ಲಿ ಶುರುವಾದಾಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೂಸು. 2012ರಲ್ಲಿ ಶಿವಮೊಗ್ಗದಲ್ಲಿ ಬೇರೆ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಮಡಿಲಿಗೆ ಹೋಯಿತು. ಚಿಕ್ಕ ಅಳುವಾರದ ಕತೆಯೂ ಇಂಥದ್ದೇ. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಬೋರ್ಡಿನ ಬಣ್ಣ ಒಣಗುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ ಹೇಳಿತು. ಆ ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಜಿಲ್ಲೆಯಲ್ಲಿ ಕೂಗು ಎದ್ದಿತು.

ಮನೆ ಬದಲಾಗುವುದು ತಪ್ಪಲ್ಲ. ಬದಲಾಗುವಾಗ ಏನು ಕಳೆದುಹೋಗುತ್ತದೆ ಎಂಬುದೇ ಚಿಂತೆ.

ಸರ್ಕಾರಿ ಚಾರ್ಜು ಪಟ್ಟಿಯಲ್ಲಿ ಮೇಜು ಎಷ್ಟು, ಬೀರು ಎಷ್ಟು, ಜೀಪು ಎಷ್ಟು ಎಂದು ಬರೆಯುತ್ತಾರೆ. ಯಾವ ಇಳಿಜಾರಿನಲ್ಲಿ ಯಾವ ವರ್ಷ ನೆಟ್ಟ ಗಿಡ ಯಾವುದು, ಅದರ ಸುತ್ತಳತೆ ಅಳೆದ ಪುಸ್ತಕ ಎಲ್ಲಿದೆ, ಯಾವ ಊರಿನ ರೈತರಿಗೆ ಮಣ್ಣು ಪರೀಕ್ಷೆಯ ಉತ್ತರ ಬಾಕಿ, ಇವೆಲ್ಲ ಆ ಪಟ್ಟಿಯಲ್ಲಿ ಇರುವುದಿಲ್ಲ. ಇರುವುದು ಹಿರಿಯರ ತಲೆಯಲ್ಲಿ. ಹಾರ, ಶಾಲು, ಹಣ್ಣಿನ ಬುಟ್ಟಿಯ ಜತೆಗೆ ಆ ತಲೆಯೂ ಮನೆಗೆ ಹೋಗಿಬಿಡುತ್ತದೆ.

ಕಾಡು, ತೋಟದ ಸಂಶೋಧನೆ ಇಡ್ಲಿ ಹಿಟ್ಟಲ್ಲ, ರಾತ್ರಿ ಇಟ್ಟು ಬೆಳಿಗ್ಗೆ ನೋಡುವುದಕ್ಕೆ. ಬೀಟೆ ಮರ ಹೇಗೆ ಬೆಳೆಯುತ್ತದೆಂದು ತಿಳಿಯಲು ಮೂವತ್ತು ವರ್ಷ ಸಾಲದು. ಒಬ್ಬ ಮುಖ್ಯಸ್ಥ ಮೂರು ವರ್ಷ ಕೂತರೆ ಆ ಮರ ಹತ್ತು ಮುಖ್ಯಸ್ಥರನ್ನು ನೋಡುತ್ತದೆ. ನಡುವೆ ಒಬ್ಬರು ಲೆಕ್ಕ ತಪ್ಪಿಸಿದರೂ ಹಿಂದಿನವರ ದುಡಿಮೆ ನೀರುಪಾಲು.

ಕಾಫಿಯನ್ನೇ ನೋಡಿ. ಬಾಳೆಹೊನ್ನೂರಿನ ಕಾಫಿ ಸಂಶೋಧನೆ 1925ರಲ್ಲಿ ಶುರುವಾದದ್ದು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ. ನಮ್ಮ ಅರೇಬಿಕಾ ತೋಟಗಳಲ್ಲಿ ಮನೆಮಾತಾದ ಎಸ್. 795 ತಳಿ ಬೆಳೆಗಾರರ ಕೈಗೆ ಬಂದದ್ದು 1940ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕೋಲ್ಮನ್ ಮೈಸೂರು ಬಿಟ್ಟು ವರ್ಷಗಳೇ ಆಗಿದ್ದವು. ಕೇಂದ್ರವೂ ಸಂಸ್ಥಾನದ ಕೈಯಿಂದ ಕಾಫಿ ಬೋರ್ಡಿನ ಕೈಗೆ ಹೋಯಿತು. 1946ರಲ್ಲಿ ನಮ್ಮ ಚೆಟ್ಟಳ್ಳಿಯಲ್ಲೂ ಉಪಕೇಂದ್ರ ತೆರೆಯಿತು. ಸಾಹೇಬರು ಬದಲಾದರು, ಇಲಾಖೆ ಬದಲಾಯಿತು, ಗಿಡದ ಜಾತಕ ಮಾತ್ರ ಕೈಯಿಂದ ಕೈಗೆ ಸರಿಯಾಗಿ ದಾಟಿತು. ದಾಟದೇ ಇದ್ದಿದ್ದರೆ ಆ ತಳಿ ಎಲ್ಲಿರುತ್ತಿತ್ತು?

"ಇದರಿಂದ ನಮಗೇನು ಸಾರ್?" ಎಂದು ಗೋಣಿಕೊಪ್ಪದ ಅಂಗಡಿಯವರು ಕೇಳಬಹುದು. ಕಾಳುಮೆಣಸಿಗೆ ಸೊರಗು ರೋಗ ಬಂದ ವರ್ಷ, ಕಾಫಿಗೆ ಕಾಂಡಕೊರಕ ಹತ್ತಿದ ವರ್ಷ ಅಂಗಡಿಯ ಉದ್ರಿ ಪುಸ್ತಕ ಎಷ್ಟು ದಪ್ಪವಾಗುತ್ತದೆ ಎಂದು ಅವರೇ ಹೇಳಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ದಾರಿ ಮುಚ್ಚಿ, ಬಸ್ಸು ನಿಂತು ಪಟ್ಟ ಪಾಡು ಮರೆತಿಲ್ಲವಷ್ಟೆ. ಯಾವ ಗುಡ್ಡ ಎಷ್ಟು ಮಳೆ ತಾಳುತ್ತದೆ ಎಂದು ಹೇಳಬೇಕಾದವರು ಮಳೆ ಲೆಕ್ಕ, ಮಣ್ಣಿನ ಲೆಕ್ಕ ಇಟ್ಟವರೇ. ಜಿಲ್ಲೆಯ 1,200ಕ್ಕೂ ಹೆಚ್ಚು ದೇವರಕಾಡುಗಳ ಬೆಲೆ ಏನೆಂದು ಹೊರಗಿನ ಲೋಕಕ್ಕೆ ತಿಳಿಸಿದವರಲ್ಲಿ ಪೊನ್ನಂಪೇಟೆಯ ಡಾ. ಸಿ.ಜಿ. ಕುಶಾಲಪ್ಪ ಒಬ್ಬರು. ಅವರೂ ಸಂಗಡಿಗರೂ ಬರೆದ ಪ್ರಬಂಧ 2005ರಲ್ಲೇ ವಿದೇಶದ ಪತ್ರಿಕೆಯಲ್ಲಿ ಬಂದಿತ್ತು. ಅಂಥ ಕೆಲಸ ಒಬ್ಬರ ಸರ್ವಿಸ್ಸಿಗೆ ಮುಗಿಯುವಂಥದ್ದಲ್ಲ.

ಕೊನೆಯ ಎರಡು ವರ್ಷ ಇರುವ ಮುಖ್ಯಸ್ಥರ ಮುಂದೆ ಎರಡು ದಾರಿ. ಪೆನ್ಷನ್ ಕಾಗದ ಸರಿ ಮಾಡಿಕೊಂಡು, ತಂಟೆಯ ಫೈಲನ್ನು ಮುಂದಿನವರಿಗೆ ಬಿಟ್ಟು, ದಿನ ಎಣಿಸುವುದು ಒಂದು. ಅವರನ್ನು ಪೂರಾ ಬೈಯುವಂತೆಯೂ ಇಲ್ಲ. ಖಾಲಿ ಹುದ್ದೆ ತುಂಬುವುದಿಲ್ಲ, ಸಂಸ್ಥೆ ಉಳಿಯುತ್ತದೋ ಇಲ್ಲವೋ ತಿಳಿಯದು, ಸಹಿ ಹಾಕಿದರೆ ನಾಳೆ ಆಡಿಟ್ ಕಾಟ.

ಆದರೆ ಇನ್ನೊಂದು ದಾರಿ ಇದೆ. ನಿವೃತ್ತಿ ಹತ್ತಿರ ಬಂದವರಿಗೆ ಮತ್ತೆ ಬಡ್ತಿಯ ಆಸೆ ಇಲ್ಲ, ವರ್ಗದ ಹೆದರಿಕೆಯೂ ಅಷ್ಟಿಲ್ಲ. ಬೆಂಗಳೂರಿಗೆ ಹೋಗಿ, "ಈ ಪ್ರಯೋಗ ಅರ್ಧಕ್ಕೆ ನಿಲ್ಲಿಸಿದರೆ ಇಷ್ಟು ನಷ್ಟ" ಎಂದು ಎದುರಿಗೇ ಹೇಳಬಲ್ಲವರು ಅವರೇ. ಕಿರಿಯರು ಹೇಳಿದರೆ ಅಧಿಕಪ್ರಸಂಗ, ಹಿರಿಯರು ಹೇಳಿದರೆ ಸಲಹೆ. ಆ ಬಾಯಿಯನ್ನು ಕೊನೆಯ ದಿನದ ಸನ್ಮಾನದ ಭಾಷಣಕ್ಕೆ ಮಾತ್ರ ಮೀಸಲಿಡಬಾರದು.

ಅಂಗಡಿಯನ್ನು ಮಗನಿಗೆ ಬಿಡುವ ಅಪ್ಪ ಏನು ಮಾಡುತ್ತಾನೆ? ಒಂದು ವರ್ಷ ಗಲ್ಲಾದ ಪಕ್ಕದಲ್ಲೇ ಕೂತಿರುತ್ತಾನೆ. ಯಾರು ಸಂತೆ ದಿನ ಬಾಕಿ ತೀರಿಸುತ್ತಾರೆ, ಯಾವ ವ್ಯಾಪಾರಿಯ ತೂಕ ನೋಡಿ ತೆಗೆದುಕೊಳ್ಳಬೇಕು ಎಂದು ಕಿವಿಯಲ್ಲಿ ಹೇಳುತ್ತಾನೆ. ವಿಶ್ವವಿದ್ಯಾಲಯಕ್ಕೂ ಇದೇ ಬುದ್ಧಿ ಸಾಕು. ಮುಖ್ಯಸ್ಥರು ಹೋಗುವ ಒಂದು ವರ್ಷ ಮೊದಲೇ ಮುಂದಿನವರನ್ನು ಗೊತ್ತು ಮಾಡಿ ಜತೆಯಲ್ಲಿ ಓಡಾಡಿಸಲಿ. ನಡೆಯುತ್ತಿರುವ ಪ್ರಯೋಗಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ರೈತರು ನೋಡುವಂತೆ ಕಚೇರಿಯ ಗೋಡೆಗೆ ಹಾಕಲಿ. ಯಾವ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿಸಿದರೂ ಆ ಪಟ್ಟಿಯನ್ನು ಒಪ್ಪಿಕೊಂಡು ಸಹಿ ಹಾಕಿದ ಮೇಲೆಯೇ ಸೇರಿಸಲಿ. ಸರ್ಕಾರವೂ "ಪ್ರಭಾರಿ" ಎಂಬ ಒಂದೇ ಪದದಲ್ಲಿ ವರ್ಷಗಟ್ಟಲೆ ಕಾಲ ತಳ್ಳುವುದನ್ನು ಬಿಡಲಿ.

ಇಷ್ಟಕ್ಕೆ ಕೋಟಿ ರೂಪಾಯಿ ಬೇಡ. ಒಂದು ರಿಜಿಸ್ಟರು, ಒಂದು ವರ್ಷದ ತಾಳ್ಮೆ, ಸ್ವಲ್ಪ ಮನಸ್ಸು ಸಾಕು. ರೈತರಿಗೆ ಬರಬೇಕಾದ ಚಿಲ್ಲರೆ ಬಾಕಿ ಇದೆ ಎಂಬುದನ್ನು ಇಳಿಯುವವರು ಹೇಳಿ ಇಳಿಯಲಿ, ಹತ್ತುವವರು ಕೇಳಿ ಹತ್ತಲಿ.