ಗಣಿಯು ನಿಂತ ಮೇಲಿನ ಹೊಣೆ

ಉಲ್ಲಾಳ, ಕೆಂಗೇರಿಗಳ ಸುತ್ತ ವರ್ಷವರ್ಷಕ್ಕೂ ಹೊಸ ಮನೆಗಳು ಏಳುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ಕಬ್ಬಿಣವಿಲ್ಲದೆ ತಾರಸಿಯು ನಿಲ್ಲದು, ಅದಿರಿಲ್ಲದೆ ಕಬ್ಬಿಣವಾಗದು, ಬೆಟ್ಟವನ್ನು ಅಗೆಯದೆ ಅದಿರು ದೊರೆಯದು. ಆದುದರಿಂದ ಗಣಿಗಾರಿಕೆಯೇ ಕೂಡದೆಂದು ವಾದಿಸುವ ಉದ್ದೇಶವು ನಮಗಿಲ್ಲ. ಅಗೆದು ಬಿಟ್ಟ ಬೆಟ್ಟಕ್ಕೆ ಸಲ್ಲಬೇಕಾದುದೇನು, ಅದನ್ನು ಸಲ್ಲಿಸತಕ್ಕವರು ಯಾರು ಎಂಬ ಪ್ರಶ್ನೆಯನ್ನು ಮಹಾಜನರ ಮುಂದಿಡಲು ಬಯಸುತ್ತೇವೆ.

ಕುದುರೆಮುಖದ ವೃತ್ತಾಂತವನ್ನು ನೋಡೋಣ. ಭಾರತ ಸರ್ಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು 1976ರಲ್ಲಿ ಸ್ಥಾಪಿತವಾಯಿತು. ಭದ್ರಾ ನದಿಯ ಜಲಾನಯನ ಪ್ರದೇಶದಲ್ಲಿ ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸಿತು. ಉಳಿದ ರಾಡಿಯನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿತು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ಕೊಟ್ಟ ಆಜ್ಞೆಯ ಮೇರೆಗೆ 2005ರ ಡಿಸೆಂಬರ್ 31ಕ್ಕೆ ಅಗೆತವು ನಿಂತಿತು. ಭದ್ರೆಗೆ ಅದು ಶುಭದಿನವೇ ಸರಿ. ಆದರೆ ಅಗೆತವು ನಿಂತೊಡನೆ ಬೆಟ್ಟವು ಮೊದಲಿನಂತಾಯಿತೆಂದು ಯಾರೂ ಭಾವಿಸಲಾಗದು.

ಬೆಟ್ಟದ ಮೈಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು, ಇದು ಆ ಸೀಮೆಯ ಸಹಜ ಏರ್ಪಾಡು. ಹುಲ್ಲು ಮಳೆಯ ಹೊಡೆತವನ್ನು ತಡೆಯುತ್ತದೆ. ಶೋಲೆಯ ನೆಲವು ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊರೆಗೆ ಬಿಡುತ್ತದೆ. ಗಣಿಯವರು ಅದಿರಿಗೆ ಮೊದಲು ತೆಗೆಯುವುದು ಮೇಲುಮಣ್ಣನ್ನು. ಬೀಜ, ಬೇರು, ಅಣಬೆಯ ಎಳೆ, ಎರೆಹುಳು, ಎಲ್ಲವೂ ಇರುವುದು ಆ ಒಂದೆರಡು ಗೇಣು ಮಣ್ಣಿನಲ್ಲಿ. ಅದು ಹೋದ ಮೇಲೆ ಉಳಿಯುವುದು ಬಿಸಿಲಿಗೆ ಕಾಯುವ, ಮಳೆಗೆ ಕೊಚ್ಚಿಹೋಗುವ ನಿಸ್ಸಾರವಾದ ನೆಲ.

ಇಂಥ ನೆಲದಲ್ಲಿ ಆಸ್ಟ್ರೇಲಿಯದ ಅಕೇಶಿಯವನ್ನು ಸಾಲಾಗಿ ನೆಡುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಬೇಗ ಬೆಳೆಯುತ್ತದೆ, ಸವಕಳಿಯನ್ನು ತಡೆಯುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ ಎಂದು ಅದರ ಪಕ್ಷದವರು ಹೇಳುವುದು ನಿಜ. ಆದರೆ ಅದರ ತರಗು ಬೇಗ ಕೊಳೆಯದು. ದಟ್ಟವಾದ ತೋಪಿನ ಕೆಳಗೆ ಬೇರೆ ಗಿಡಗಳು ಏಳುವುದು ಕಷ್ಟ. ಹುಲ್ಲಿನ ಬೆಟ್ಟಕ್ಕೆ ಮರದ ತೋಪು ಎರಡನೆಯ ಹಾನಿಯೇ ಆಗುತ್ತದೆ. ಒಂದೇ ಜಾತಿಯ ತೋಪಿಗೂ ನಾನಾ ಜಾತಿಯ ವನಕ್ಕೂ ಇರುವ ಭೇದವನ್ನು ಅರಿಯಬೇಕಾದವರು ಉಲ್ಲಾಳದ ನೆರೆಯ ಜ್ಞಾನಭಾರತಿ ಆವರಣದ ಜೈವಿಕ ವನವನ್ನು ಒಮ್ಮೆ ನೋಡಿಬರಬಹುದು.

ಈ ಚರ್ಚೆಯು ಹಳೆಯ ಮಾತಲ್ಲ. ಅದೇ ಕಂಪೆನಿಯು ಈಗ ಸಂಡೂರಿನ ದೇವದಾರಿ ಬೆಟ್ಟವನ್ನು ಬಯಸಿದೆ. ಅಲ್ಲಿ 401 ಹೆಕ್ಟೇರಿಗೂ ಮೀರಿದ ಅರಣ್ಯಭೂಮಿಯೂ 99,000ಕ್ಕೂ ಹೆಚ್ಚು ಮರಗಳೂ ಪಣಕ್ಕೆ ಬಿದ್ದಿವೆ. ಕುದುರೆಮುಖದ ಉಲ್ಲಂಘನೆಗಳ ಬಾಕಿಯು ತೀರುವವರೆಗೆ ಭೂಮಿಯನ್ನು ಹಸ್ತಾಂತರಿಸಕೂಡದೆಂದು ರಾಜ್ಯದ ಅರಣ್ಯ ಸಚಿವರು 2024ರ ಜೂನಿನಲ್ಲಿ ಆಜ್ಞಾಪಿಸಿದರು. ಈ ತತ್ತ್ವವನ್ನು ನಾವು ಪೂರ್ಣವಾಗಿ ಅನುಮೋದಿಸುತ್ತೇವೆ. ಆದರೆ ಬಾಕಿಯನ್ನು ರೂಪಾಯಿಗಳಲ್ಲಿ ಎಣಿಸಿದರೆ ಸಾಲದು. ಹಣವು ಖಜಾನೆಗೆ ಬಂದರೂ ಹುಲ್ಲು ಬೆಟ್ಟಕ್ಕೆ ಬಾರದಿರಬಹುದು.

ಬಳ್ಳಾರಿ ಜಿಲ್ಲೆಯಲ್ಲಿ 2011ರ ಜುಲೈ 29ರಂದು ಗಣಿಗಾರಿಕೆಯನ್ನು ತಡೆದ ಸರ್ವೋಚ್ಚ ನ್ಯಾಯಾಲಯವು, ನೆಲವನ್ನು ಸರಿಪಡಿಸುವ ಯೋಜನೆಗಳಿಗೆ ಒಪ್ಪಿದ ಮೇಲೆಯೇ ಗಣಿಗಳಿಗೆ ಅನುಮತಿಯೆಂದು ವಿಧಿಸಿತು. ಈ ಮೇಲ್ಪಂಕ್ತಿಯನ್ನು ಇನ್ನೂ ಮುಂದುವರಿಸಬೇಕು. ಮೊದಲನೆಯದಾಗಿ, ಮೇಲುಮಣ್ಣನ್ನು ಪ್ರತ್ಯೇಕವಾಗಿ ಕಾದಿಟ್ಟು, ತಡಮಾಡದೆ ಅದೇ ನೆಲಕ್ಕೆ ಹರಡತಕ್ಕದ್ದು. ಎರಡನೆಯದಾಗಿ, ಮೊದಲು ಸ್ಥಳೀಯ ಹುಲ್ಲು, ಅನಂತರ ಆಯಾ ಸೀಮೆಗೆ ತಕ್ಕ ಗಿಡಮರ. ಸಂಡೂರಿನಂಥ ಒಣಸೀಮೆಗೆ ಮುತ್ತುಗ, ದಿಂಡಿಗ, ಹೊಂಗೆ ಮೊದಲಾದುವು. ಮೂರನೆಯದಾಗಿ, ನೆಟ್ಟ ಸಸಿಗಳ ಲೆಕ್ಕದ ಬದಲು, ಹತ್ತನೆಯ ವರ್ಷದಲ್ಲಿ ಎಷ್ಟು ಜಾತಿಗಳು ತಾವಾಗಿಯೇ ಬೀಜ ಚೆಲ್ಲಿ ಬೆಳೆಯುತ್ತಿವೆ ಎಂಬ ಲೆಕ್ಕವನ್ನು ಆಯಾ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಪ್ರಕಟಿಸತಕ್ಕದ್ದು.

ಹಳೆಯ ಸಾಲವನ್ನು ತೀರಿಸದವನಿಗೆ ಹೊಸ ಸಾಲವನ್ನು ಯಾವ ವಿವೇಕಿಯೂ ಕೊಡನು. ಒಂದು ಬೆಟ್ಟವನ್ನು ಅದರ ಹುಲ್ಲುಸಹಿತ ಹಿಂದಿರುಗಿಸುವವರೆಗೆ ಇನ್ನೊಂದನ್ನು ಒಪ್ಪಿಸುವ ಕಾಗದಕ್ಕೆ ಸಹಿ ಬೀಳದಂತೆ ನೋಡಿಕೊಳ್ಳುವುದು ಅಧಿಕಾರಿಗಳ ಧರ್ಮವೆಂದು ನಾವು ಬಿನ್ನವಿಸುತ್ತೇವೆ.