ಗಾಳಿಯಂತ್ರಕ್ಕಿಂತ ಮೊದಲು ತಂತಿಮಾರ್ಗ

2024–25ನೇ ಸಾಲಿನಲ್ಲಿ ಸುಮಾರು 1,330 ಮೆಗಾವ್ಯಾಟ್ ಹೊಸ ಪವನ ವಿದ್ಯುತ್ ಸಾಮರ್ಥ್ಯವನ್ನು ಸೇರಿಸಿಕೊಂಡ ಕರ್ನಾಟಕವು ದೇಶದಲ್ಲೇ ಪ್ರಥಮ ಸ್ಥಾನ ಪಡೆಯಿತು. ಈ ಬೆಳವಣಿಗೆಯಲ್ಲಿ ಸಣ್ಣ ಉದ್ದಿಮೆದಾರರಿಗೂ ಪಾಲುಂಟು. 2005ರ ವಿದ್ಯುತ್ ನಿಯಮಗಳಂತೆ, ಬಳಕೆದಾರರು ಒಟ್ಟಾಗಿ ಶೇ. 26ರಷ್ಟು ಷೇರು ಹೊಂದಿ, ಉತ್ಪಾದನೆಯ ಶೇ. 51ರಷ್ಟನ್ನಾದರೂ ಬಳಸಿದರೆ ಅದು ಸ್ವಬಳಕೆಯ ಘಟಕವೆನಿಸುತ್ತದೆ. ಹೀಗೆ ಹಣ ಹೂಡುವವರು ಯೂನಿಟ್ ದರವನ್ನು ಚೌಕಾಸಿ ಮಾಡುತ್ತಾರೆ. ಆ ಯೂನಿಟ್ ಯಾವ ಮಾರ್ಗದಲ್ಲಿ ಬರುವುದೆಂದು ವಿಚಾರಿಸುವವರು ವಿರಳ.

ಮೊದಲು ವಿಚಾರಿಸಬೇಕಾದುದು ಯಂತ್ರದ ಬಗೆ. ಹಳೆಯ ಇಂಡಕ್ಷನ್ ಜನರೇಟರ್‌ಗಳು ಕಾರ್ಖಾನೆಯ ಮೋಟಾರಿನಂತೆಯೇ ಗ್ರಿಡ್‌ನಿಂದ ರಿಯಾಕ್ಟಿವ್ ವಿದ್ಯುತ್ತನ್ನು ಸೆಳೆಯುತ್ತವೆ. ಪವರ್ ಫ್ಯಾಕ್ಟರ್ ದಂಡ ತೆತ್ತವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಡಬ್ಲಿ-ಫೆಡ್ ಮಾದರಿಯಲ್ಲಿ ಸುಮಾರು ಮೂರರಲ್ಲೊಂದು ಭಾಗದ ವಿದ್ಯುತ್ ಮಾತ್ರ ಕನ್ವರ್ಟರ್ ಮೂಲಕ ಹಾಯುವುದರಿಂದ ವೆಚ್ಚ ಕಡಿಮೆ. ಪೂರ್ಣ ಕನ್ವರ್ಟರ್ ದುಬಾರಿಯಾದರೂ, ವೋಲ್ಟೇಜ್ ಕುಸಿದಾಗ ಗ್ರಿಡ್‌ಗೆ ಹೆಚ್ಚಿನ ಆಸರೆ ನೀಡಬಲ್ಲದು.

ಎರಡನೆಯದು ಮಾರ್ಗದ ವೋಲ್ಟೇಜ್. ಅಷ್ಟೇ ವಿದ್ಯುತ್ತನ್ನು ಅದೇ ಗಾತ್ರದ ತಂತಿಯಲ್ಲಿ 33 ಕಿಲೋವೋಲ್ಟ್‌ಗೆ ಬದಲು 66ರಲ್ಲಿ ಸಾಗಿಸಿದರೆ ಕರೆಂಟು ಅರ್ಧಕ್ಕೂ ತಂತಿಯಲ್ಲಾಗುವ ನಷ್ಟ ಕಾಲುಭಾಗಕ್ಕೂ ಇಳಿಯುತ್ತದೆ. ಆದ್ದರಿಂದ ಗಾಳಿಯಂತ್ರಗಳ ಸಮೀಪದಲ್ಲೇ ಉಪಕೇಂದ್ರ ಸ್ಥಾಪಿಸಿ ವೋಲ್ಟೇಜ್ ಏರಿಸುವುದು ಲಾಭಕರ. ಅಧಿಕ ವೋಲ್ಟೇಜಿನ ನೇರ ವಿದ್ಯುತ್ ಪ್ರಸರಣವೂ ಒಂದು ಆಯ್ಕೆಯೇ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಸುಮಾರು 1,370 ಕಿಲೋಮೀಟರ್ ಉದ್ದದ ಅಂತಹ ಮಾರ್ಗ 2003ರಿಂದ ದುಡಿಯುತ್ತಿದೆ. ಆದರೆ ಎರಡೂ ತುದಿಗಳ ಕನ್ವರ್ಟರ್ ಕೇಂದ್ರಗಳ ವೆಚ್ಚ ಭಾರಿಯಾದುದರಿಂದ ಅದು ಇಂತಹ ದೂರಕ್ಕೆ ತಕ್ಕುದು. ಗದಗದಿಂದ ಹುಬ್ಬಳ್ಳಿಗೆ ವಿದ್ಯುತ್ ತರಲು ಪರ್ಯಾಯ ವಿದ್ಯುತ್ತಿನ ಮಾರ್ಗವೇ ಸಾಕು.

ತಂತ್ರಜ್ಞಾನದ ಕೊರತೆಯಿಲ್ಲ, ತಪ್ಪುತ್ತಿರುವುದು ಕ್ರಮ. ಗಾಳಿಯಂತ್ರಗಳು ಬೇಗ ನಿಲ್ಲುತ್ತವೆ. ಹತ್ತಾರು ರೈತರ ಹೊಲಗಳನ್ನು ಹಾಯುವ ಮಾರ್ಗ ತಡವಾಗುತ್ತದೆ. ಮಾರ್ಗವನ್ನು ಮುಂಚಿತವಾಗಿ ನಿರ್ಮಿಸಿದರೆ ಅದು ಬಳಕೆಯಾಗದೆ ಉಳಿದು, ಹೊರೆ ಗ್ರಾಹಕರ ಮೇಲೆ ಬೀಳುವುದೆಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ವರ್ಷದ ಗಾಳಿಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲೇ ದೊರೆಯುತ್ತದೆ. ಒಂದು ಮುಂಗಾರು ತಪ್ಪಿದರೆ ವರ್ಷದ ಆದಾಯವೇ ಕೈತಪ್ಪಿದಂತೆ. ಸಾಲದ ಬಡ್ಡಿ ಮಾತ್ರ ನಿಲ್ಲದು.

ಆದುದರಿಂದ ಉಪಕೇಂದ್ರದಲ್ಲಿ ಉಳಿದಿರುವ ಸಾಮರ್ಥ್ಯ, ಗ್ರಿಡ್ ಸಂಪರ್ಕದ ಅನುಮತಿ ಮತ್ತು ಮಾರ್ಗ ಪೂರ್ಣಗೊಳ್ಳುವ ದಿನಾಂಕ, ಇವು ಮೂರೂ ಬರಹದಲ್ಲಿ ದೊರೆಯುವವರೆಗೆ ಉದ್ದಿಮೆದಾರರು ಒಪ್ಪಂದಕ್ಕೆ ಸಹಿ ಹಾಕದಿರುವುದೇ ವಿವೇಕ. ಸರ್ಕಾರವೂ ಗಾಳಿಯಿರುವೆಡೆಗೆ ಮೊದಲು ಮಾರ್ಗವನ್ನೊಯ್ದು, ಅನಂತರ ಯಂತ್ರಗಳಿಗೆ ಅನುಮತಿ ನೀಡಬೇಕು.